ಸಂಪಿಗೆಗೊಂದು ಕಾವಲು ದೇವರು

ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಮುಂಬೈ ಪಕ್ಕದ ಠಾಣೆಯ ಕೋಪರಿಗೆ ಬಂದವನಲ್ಲ. ಬಂದಿದ್ದರೆ, ಸೆಕ್ರೆಟರಿ ಮುಟ್ಟದ ಗಿಡವಿಲ್ಲ ಎಂದು ಇನ್ನೊಂದು ಸಾಲು ಸೇರಿಸುತ್ತಿದ್ದ. ನಮ್ಮ ಹೌಸಿಂಗ್ ಸೊಸೈಟಿಯ ಗೇಟು ತುಕ್ಕು ಹಿಡಿದು ಅರ್ಧ ತೆರೆದೇ ನಿಂತಿರುವುದರಿಂದ ಸ್ಟೇಷನ್ ಕಡೆಯ ಆಡುಗಳು ಸಲೀಸಾಗಿ ಒಳಗೆ ಬರುತ್ತವೆ. ಸೆಕ್ರೆಟರಿ ಕಾಕಾ ಅಂತೂ ಒಳಗೇ ಇರುತ್ತಾರೆ. ಇವರೆಲ್ಲರ ನಡುವೆ ನಾನೊಂದು ಕೆಂಡಸಂಪಿಗೆ ಬೆಳೆಸಲು ಹೊರಟಿದ್ದೆ.

ಕಸಿ ಗಿಡ ಕೊಡಿಸಿದವಳು ಮೈಸೂರಿನಲ್ಲಿರುವ ನನ್ನ ಅಕ್ಕ. ಬೇರಿಗೆ ಒದ್ದೆ ಗೋಣಿ ಸುತ್ತಿ, ರೈಲಿನುದ್ದಕ್ಕೂ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ತಂದು, ನಮ್ಮ ನೆಲಮಹಡಿಯ ಕಿಟಕಿಯ ಮುಂದೆ ನೆಟ್ಟೆ. ನಾವು ಹುಡುಗಿಯರಾಗಿದ್ದಾಗ ಹಿತ್ತಲಲ್ಲೊಂದು ಸಂಪಿಗೆ ಮರವಿತ್ತು. ಅಪ್ಪ ದೋಟಿಯಿಂದ ಕಿತ್ತ ಮೊದಲ ಹೂವು ಅಕ್ಕನ ಜಡೆಗೆ, ದೊಡ್ಡವಳು ಎಂಬ ಒಂದೇ ಅರ್ಹತೆಯ ಮೇಲೆ. ಎರಡನೆಯದು ಸಿಕ್ಕರೆ ನನಗೆ, ಸಾಮಾನ್ಯವಾಗಿ ಸಿಗುತ್ತಿರಲಿಲ್ಲ. ಆ ಮನೆ ಕೈಬಿಟ್ಟು ಹೋಗಿ ಎಷ್ಟೋ ಕಾಲವಾಯಿತು, ಆದರೂ ಬೇಸಗೆ ಬಂತೆಂದರೆ ನನಗೆ ಆ ಪರಿಮಳ ಬೇಕೆನಿಸುತ್ತದೆ.

ಇಲ್ಲಿ ಸಂಪಿಗೆ ಸಿಗುವುದಿಲ್ಲವೆಂದಲ್ಲ. ಮರಾಠಿಯವರ ಸೋನಚಾಫಾ ಎಂದರೆ ಅದೇ. ಸಿಗ್ನಲ್ಲಿನಲ್ಲಿ ಕಾರಿನ ಕಿಟಕಿಗೆ ಹಿಡಿದು ಮಾರುತ್ತಾರೆ. ಕೊಂಡು ಮುಡಿದು ನೋಡಿದೆ. ಹೂವು ಅದೇ, ಬಣ್ಣ ಅದೇ, ಆದರೆ ನಾನು ಹುಡುಕುತ್ತಿದ್ದ ಪರಿಮಳ ಮಾತ್ರ ಬರಲಿಲ್ಲ. ನಮ್ಮ ಯಜಮಾನರು ನನ್ನನ್ನು ದಿಟ್ಟಿಸಿ ನೋಡಿ, “ನೆಗಡಿಯಾಗಿರಬೇಕು” ಎಂದರು. ಕೊಂಡ ಹೂವಿನಿಂದ ಆಗುವ ಕೆಲಸವಲ್ಲ, ಸ್ವಂತ ಗಿಡವೇ ಹೂ ಬಿಡಬೇಕು ಎಂದು ನಾನು ತೀರ್ಮಾನಿಸಿದೆ.

ಗಿಡ ಬಿಡಲು ಸಿದ್ಧವಿತ್ತು, ಬಿಡಲು ಬಿಡುವವರಿರಲಿಲ್ಲ. ಸೆಕ್ರೆಟರಿ ಕಾಕಾ ಶಿಸ್ತಿನ ಮನುಷ್ಯ. ದಾಸವಾಳ, ಕರಿಬೇವು, ಕ್ರೋಟನ್ ಯಾವುದೇ ಇರಲಿ, ಕಾಂಪೌಂಡ್ ಗೋಡೆಗಿಂತ ಮೇಲೆ ತಲೆ ಎತ್ತುವಂತಿಲ್ಲ. ಮಳೆಗಾಲಕ್ಕೆ ಮುಂಚೆ ಅವರು ಮಾಲಿಯನ್ನು ಕರೆಸಿದರೆಂದರೆ, ನಮ್ಮ ಗಿಡಗಳೆಲ್ಲ ಶಾಲೆ ಶುರುವಾಗುವ ಮುನ್ನಾದಿನದ ಹುಡುಗರ ತಲೆಗಳಾಗುತ್ತಿದ್ದವು. “ಕಾಕಾ, ಇದು ಮರವಾಗುವ ಜಾತಿ” ಎಂದು ನನ್ನ ಹರಕು ಮರಾಠಿಯಲ್ಲಿ ಅಂಗಲಾಚಿದೆ. “ವಹಿನೀ, ಝಾಡ ಕಸಂ ಶಿಸ್ತೀತ ಪಾಹಿಜೆ,” ಅತ್ತಿಗೆ, ಗಿಡ ಅಂದರೆ ಶಿಸ್ತಿನಲ್ಲಿರಬೇಕು ಎಂದು ಅವರು ನಕ್ಕರು. ಕತ್ತರಿ ಉಳಿಸಿದ ಚಿಗುರು ಆಡಿನ ಪಾಲು. ಸಂಪಿಗೆಯ ಬಳಿ ದುಂಬಿ ಸುಳಿಯದು ಎಂದು ಹಳೆಯ ಕವಿಗಳು ಹಾಡಿಕೊಂಡು ಬಂದಿದ್ದಾರೆ. ದುಂಬಿಯ ಮಾತು ಹಾಗಿರಲಿ, ಆಡಿನ ವಿಷಯದಲ್ಲಿ ಒಬ್ಬ ಕವಿಯಾದರೂ ಮುನ್ನೆಚ್ಚರಿಕೆ ಕೊಡಬಾರದಿತ್ತೇ?

ಭಾನುವಾರಗಳಲ್ಲಿ ಅಕ್ಕನ ಫೋನು. “ಏನೇ, ಸಂಪಿಗೆ ಬಿಡ್ತಾ?”

“ಇಲ್ಲ ಕಣಕ್ಕ, ಮುಂದಿನ ವರ್ಷ.”

“ಬಿಟ್ಟಾಗ ಹೇಳು, ಬರ್ತೀನಿ” ಎನ್ನುತ್ತಿದ್ದಳು. ಅವಳು ನಮ್ಮ ಮನೆಗೆ ಒಮ್ಮೆಯೂ ಬಂದಿರಲಿಲ್ಲ. ಮಂಡಿನೋವು, ಮೊಮ್ಮಕ್ಕಳು, ಒಂದಲ್ಲ ಒಂದು ನೆಪ. ಆಡು ಮತ್ತು ಕತ್ತರಿ ಸೇರಿ ನನ್ನ ಅಕ್ಕನನ್ನೇ ತಡೆದು ನಿಲ್ಲಿಸಿವೆ ಎಂದು ನನಗೆ ಅನ್ನಿಸತೊಡಗಿತು.

ಉಪಾಯ ಹೊಳೆದದ್ದು ಮೆಟ್ಟಿಲ ಮೂಲೆಯಲ್ಲಿ. ಎಲೆಯಡಿಕೆ ಉಗುಳದಿರಲೆಂದು ಅಲ್ಲಿ ಸಾಯಿಬಾಬಾ, ಗಣಪತಿ, ಶಿಲುಬೆ, ಮೆಕ್ಕಾ ಎಲ್ಲ ಟೈಲ್ಸುಗಳಲ್ಲಿ ಪಕ್ಕಪಕ್ಕದಲ್ಲೇ ಅಂಟಿಕೊಂಡಿವೆ. ಗೋಡೆ ಕಾಯುವ ದೇವರು ಗಿಡ ಕಾಯಲಾರನೇ? ನನ್ನ ಬಳಿ ಅಮ್ಮ ಕೊಟ್ಟ ರುಬ್ಬುವ ಗುಂಡೊಂದಿತ್ತು. ಒರಳು ಭಾರವೆಂದು ಅಲ್ಲೇ ಬಿಟ್ಟು ಗುಂಡನ್ನು ಮಾತ್ರ ಮುಂಬೈವರೆಗೆ ಹೊತ್ತು ತಂದ ಬುದ್ಧಿವಂತೆ ನಾನು. ಅದನ್ನು ಸಂಪಿಗೆಯ ಬುಡದಲ್ಲಿ ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ಕಾಂಡಕ್ಕೆ ಕೆಂಪು ದಾರ ಸುತ್ತಿದೆ. ಮಾಲಿ ಬಂದವನು ಕತ್ತರಿ ಕೆಳಗಿಟ್ಟು ಕೈಮುಗಿದ. “ಭಗವಾನ್ ಹೈ, ಮೈ ನಹೀ ಕಾಟೇಗಾ” ಎಂದು ಪಕ್ಕದ ದಾಸವಾಳಕ್ಕೆ ಹೋದ. ಸೆಕ್ರೆಟರಿ ಕಾಕಾ ಚಪ್ಪಲಿ ಬಿಟ್ಟು ಸುತ್ತು ಹಾಕಿದರು.

ಆಡುಗಳು ಮಾತ್ರ ನಾಸ್ತಿಕರು. ಸೊಸೈಟಿಯ ಹೆಂಗಸರು ನೈವೇದ್ಯಕ್ಕೆಂದು ಇಟ್ಟ ಬಾಳೆಹಣ್ಣಿಗೆ ಬಂದು, ಊಟದ ಮೇಲೆ ತಾಂಬೂಲವೆಂಬಂತೆ ಸಂಪಿಗೆಯ ಚಿಗುರು ಮೇಯುತ್ತಿದ್ದವು. ದೇವರ ಮರಕ್ಕೆ ಅಪಚಾರವೆಂದು ಕಮಿಟಿಯೇ ಕಟ್ಟೆ ಕಟ್ಟಿಸಿತು, ಸುತ್ತ ಕಬ್ಬಿಣದ ಜಾಲರಿ ಹಾಕಿಸಿತು. ಗಿಡ ಮರವಾಯಿತು, ಗೋಡೆ ದಾಟಿತು. ಒಂದು ಬೇಸಗೆಯ ಬೆಳಿಗ್ಗೆ ಕಿಟಕಿ ತೆಗೆದರೆ ಎಲೆಗಳ ನಡುವೆ ಹೂವು! ಲಟ್ಟಣಿಗೆ ಹಿಡಿದ ಕೈಯಲ್ಲೇ ಓಡಿದೆ. ಜಾಲರಿಗೆ ಬೀಗ. ಬೀಗದ ಕೈ ಸೆಕ್ರೆಟರಿ ಕಾಕಾನ ಜನಿವಾರದಲ್ಲಿ. ಮೇಲೊಂದು ಬೋರ್ಡು, ಹೂ ಕೀಳಬಾರದು ಎಂದು. ಹೂವೆಲ್ಲ ದಿನವೂ ರುಬ್ಬುವ ಗುಂಡಿನ ತಲೆಗೆ ಏರುತ್ತಿತ್ತು. ಅದು ನಮ್ಮನೆ ದೋಸೆಹಿಟ್ಟಿನ ಗುಂಡು ಎಂದು ಹೇಳಿದರೆ ಮರುದಿನವೇ ಕತ್ತರಿ ಬರುತ್ತದೆ, ಹೇಳದಿದ್ದರೆ ಹೂವಿಲ್ಲ. ಕಿಟಕಿಯ ಸರಳು ಹಿಡಿದು ನನ್ನ ಮರವನ್ನೇ ಆಸೆಯಿಂದ ನೋಡುತ್ತ ನಿಂತೆ.

“ಬಿಟ್ಟಿದೆ ಕಣಕ್ಕ” ಎಂದಷ್ಟೇ ಫೋನಿನಲ್ಲಿ ಹೇಳಿದೆ. ಅಕ್ಕ ಬಂದೇಬಿಟ್ಟಳು.

ಮರುದಿನ ಬೆಳಿಗ್ಗೆ ಅವಳನ್ನು ಕಟ್ಟೆಯ ಬಳಿಗೆ ಕರೆದುಕೊಂಡು ಹೋದೆ. ಕಾಕಾ ಪೂಜೆಯಲ್ಲಿದ್ದರು. ಅಕ್ಕ ಗುಂಡನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ತೋಳನ್ನು ಬಲವಾಗಿ ಚಿವುಟಿ, ಮಹಾ ಭಕ್ತಿಯಿಂದ ಕಣ್ಣು ಮುಚ್ಚಿ ಕೈಮುಗಿದಳು. ಇಂಥ ಭಕ್ತೆಗೆ ಪ್ರಸಾದ ಕೊಡದಿರಲು ಕಾಕಾನಿಗೆ ಮನಸ್ಸು ಬರಲಿಲ್ಲ. ದೇವರ ತಲೆಯಿಂದ ಒಂದು ಸಂಪಿಗೆ ತೆಗೆದು ಅವಳ ಕೈಗಿಟ್ಟರು. ಒಂದೇ. ನಾನು ಪಕ್ಕದಲ್ಲೇ ಇದ್ದೆ. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡು, ಸಹಜವಾಗಿ, ತನ್ನ ನರೆತ ಜಡೆಗೇ ಸಿಕ್ಕಿಸಿಕೊಂಡಳು. ಈ ವಯಸ್ಸಿನಲ್ಲೂ ನನಗೆ ಅಳು ಬಂದಹಾಗಾಯಿತು.

ತರಕಾರಿಗೆಂದು ಸ್ಟೇಷನ್ ಕಡೆ ಹೊರಟೆವು. ಕೋಪರಿಯ ಗಲ್ಲಿಯಲ್ಲಿ ಇಬ್ಬರು ಜೊತೆಯಾಗಿ ನಡೆಯಲು ಜಾಗವಿಲ್ಲ. ಅಕ್ಕ ಮುಂದೆ, ಮಂಡಿ ಹಿಡಿದುಕೊಂಡು ನಿಧಾನವಾಗಿ. ನಾನು ಚೀಲ ಹಿಡಿದು ಹಿಂದೆ. ನಾಲ್ಕು ಹೆಜ್ಜೆ ಹಾಕಿರಬೇಕು, ಆ ಪರಿಮಳ ಬಂತು. ಅದೇ. ಮೀನಿನ ಬುಟ್ಟಿ, ವಡಾಪಾವಿನ ಎಣ್ಣೆ ಎಲ್ಲವನ್ನೂ ದಾಟಿ ಬಂತು. ನನ್ನ ತಲೆಯಲ್ಲಿ ಮುಡಿದಾಗ ಇದು ಯಾಕೆ ಬರಲಿಲ್ಲ ಎಂದು ಆಗ ತಿಳಿಯಿತು. ನಾನು ಸಂಪಿಗೆಯ ವಾಸನೆ ಕಲಿತದ್ದೇ ಶಾಲೆಗೆ ಹೋಗುವಾಗ ಅವಳ ಹಿಂದೆ ನಡೆಯುತ್ತ.

ಅಕ್ಕ ತಿರುಗಿ ನಿಂತಳು. “ಯಾಕೇ ಹಿಂದೆ ಬಿದ್ದೆ? ಮುಂದೆ ಬಾ, ದಾರಿ ತೋರಿಸು.”

“ದಾರಿ ನೆಟ್ಟಗೇ ಇದೆ,” ಅಂದೆ. “ನೀನು ನಡಿ ಅಕ್ಕ.”