ಎಷ್ಟು ವರ್ಷಕ್ಕೆ ಬೇಕು ಲ್ಯಾಪ್‌ಟಾಪ್?

‘ಎಷ್ಟು ವರ್ಷ ಬಳಸಾವ್ರು ಅದೀರಿ?’

ಅಂಗಡಿಯವ ಕೇಳಿದ್ದು ತೀರಾ ಸಾದಾ ಪ್ರಶ್ನೆ. ಕೌಂಟರಿನ ಮುಂದೆ ಮೂವರಿದ್ದೆವು. ಮೂವರೂ ನೆಲ ನೋಡಿದೆವು.

ಕಂಪ್ಯೂಟರ್ ಅಂದರೆ ನನ್ನನ್ನು ಕರೆಯೋದು ಬೆಟಗೇರಿಯ ನಮ್ಮ ಓಣಿಯ ರೂಢಿ. (ಪ್ರಿಂಟರ್‌ನಲ್ಲಿ ಸಿಕ್ಕಿಬಿದ್ದ ಕಾಗದ ಎಳೆಯಲಿಕ್ಕೂ ನಾನೇ ಬೇಕು. ಬೈಕೊಂತ ಹೋಗ್ತೀನಿ, ಆದರೆ ಹೋಗ್ತೀನಿ.) ಹೋದ ವಾರ ಕರೆದವರು ಹಿಂದಿನ ಓಣಿಯ ಹಸೀನಕ್ಕ. ಕೈಮಗ್ಗದಲ್ಲಿ ಸೀರೆ ನೇಯ್ತಾರೆ. ಮಗ ಇರ್ಫಾನನಿಗೆ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಬೇಕಿತ್ತು.

ಇಪ್ಪತ್ತರ ಹುಡುಗನಿಗೆ ಗೇಮ್ ಯಾಕೆ, ಕೆಲಸ ನೋಡಬಾರದೇನು ಅಂತೀರಾ? ತಡೀರಿ. ಇರ್ಫಾನನ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತಿವೆ. ಗಾಲಿಕುರ್ಚಿ ಹತ್ತಿ ಬಹಳ ಕಾಲವಾಯಿತು. ಈಗ ಅವನ ಮಾತು ಕೇಳೋದು ಬೆರಳುಗಳಷ್ಟೇ. ಆ ಬೆರಳಿನಿಂದಲೇ ಕಾರ್ ರೇಸು, ಫುಟ್‌ಬಾಲು ಎಲ್ಲ ಆಡ್ತಾನೆ. ಆನ್‌ಲೈನ್ ಟೀಮಿನಲ್ಲಿ ಲಕ್ಷ್ಮೇಶ್ವರದವನೊಬ್ಬ, ಮುಂಡರಗಿಯವರಿಬ್ಬರು. ಅವರಿಗೆ ಗಾಲಿಕುರ್ಚಿಯ ಖಬರೇ ಇಲ್ಲ. ಅವರ ಪಾಲಿಗೆ ಇವನು ಎಲ್ಲರಿಗಿಂತ ಜೋರು ಓಡುವ ಇರ್ಫಾನ್. ಹಳೆಯ ಲ್ಯಾಪ್‌ಟಾಪ್ ಮಾತ್ರ ಆಟದ ನಡುವೆ ನಿಂತುಬಿಡುತ್ತಿತ್ತು. ಎಲ್ಲಿ ಹೋದಿಲೇ ಅಂತ ಗೆಳೆಯರು ಬೈಯುತ್ತಿದ್ದರಂತೆ.

ಡಾಕ್ಟರು ಹೇಳಿದ್ದು ಎರಡು ವರ್ಷ, ಹೆಚ್ಚೆಂದರೆ ಮೂರು. ಹಸೀನಕ್ಕ ಒಮ್ಮೆ ಮಗ್ಗ ನಿಲ್ಲಿಸಿ, ಸಣ್ಣ ದನಿಯಲ್ಲಿ ನನಗೆ ಇದನ್ನು ಹೇಳಿದ್ದರು. ಮಗನಿಗೆ ಗೊತ್ತಿಲ್ಲ ಅಂತಲೇ ಅವರ ನಂಬಿಕೆ. ಇಪ್ಪತ್ತು ವರ್ಷ, ಕೈಯಲ್ಲಿ ಮೊಬೈಲು. ತನ್ನ ರೋಗದ ಹೆಸರು ಹುಡುಕಿ ನೋಡದೆ ಇದ್ದಾನಾ?

ಕುರ್ಚಿ ಮಡಚಿ, ಅವನನ್ನು ಎತ್ತಿ ಆಟೋದಲ್ಲಿ ಕೂರಿಸಿ, ಗದಗಿನ ಅಂಗಡಿಗೆ ಹೊರಟೆವು. ದಾರಿಯುದ್ದಕ್ಕೂ ನನ್ನ ಭಾಷಣ. ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಬೇಕು, ಎಚ್ ಇದ್ದರೆ ಗೇಮಿಂಗಿಗೆ ಆಗ್ತದೆ, ಯು ಇದ್ದರೆ ಬ್ಯಾಟರಿ ಉಳೀತದೆ ಅಷ್ಟೇ, ಇತ್ಯಾದಿ. ಹಸೀನಕ್ಕ ಎಲ್ಲ ಕೇಳಿಸಿಕೊಂಡು, ಬಾಳಿಕಿ ಬರ್ತೈತೇನು ಅಂದರು. ನಮ್ಮ ಕಡೆ ಅಷ್ಟೇ ಅಲ್ಲೇನ್ರಿ? ಬೆಳೆಯೋ ಹುಡುಗ ಅಂತ ಅಂಗಿ ನಾಲ್ಕು ಬೆರಳು ಉದ್ದ ಹೊಲಿಸ್ತೀವಿ. ಚಪ್ಪಲಿ ಒಂದು ನಂಬರ್ ದೊಡ್ಡದೇ ತರ್ತೀವಿ. ಇವತ್ತಿಗೆ ಮಾತ್ರ ಸರಿಹೋಗೋ ವಸ್ತು ಕೊಳ್ಳೋದು ನಮಗೆ ಗೊತ್ತೇ ಇಲ್ಲ.

ಅಂಗಡಿಯಲ್ಲಿ ಹಸೀನಕ್ಕ ಅತ್ತ ತಿರುಗಿದಾಗ ಇರ್ಫಾನ್ ಕಣ್ಣಲ್ಲೇ ನನ್ನನ್ನು ಹತ್ತಿರ ಕರೆದ. ಐ-ಫೈವ್ ಸಾಕು ಕಾಕಾ, ಅಮ್ಮಿಗೆ ನೀವೇ ತಿಳಿಸಿ ಹೇಳ್ರಿ ಅಂದ. ಅವನಾಡುವ ಆಟಕ್ಕೆ ಆ ಕಡಿಮೆ ಬೆಲೆಯ ಪ್ರೊಸೆಸರ್ ಸಾಕು, ಖರೆ. ನಾನೂ ಹೂಂ ಅಂದೆ.

ಆಗಲೇ ಬಂದದ್ದು ಆ ಪ್ರಶ್ನೆ. ಅಂಗಡಿಯವ ತಾನೇ ಬಿಡಿಸಿ ಹೇಳಿದ: ‘ಎರಡು ಮೂರು ವರ್ಷಕ್ಕಾದ್ರ ಐ-ಫೈವ್ ಸಾಕ್ರಿ. ಐದಾರು ವರ್ಷ ಬರಬೇಕಂದ್ರ ಐ-ಸೆವೆನ್ ತಗೋರಿ.’

ಪಾಪ, ಅವನದೇನು ತಪ್ಪು? ಬಂದವರಿಗೆಲ್ಲ ಹೇಳೋ ಮಾತು. ನಾನು ಮಾತ್ರ ಬಾಯಿ ತೆರೆದರೆ ಐ-ಫೈವ್ ಅನ್ನಬೇಕು. ಹಂಗಂದರೆ ಆ ತಾಯಿಗೆ ಏನು ಅಂದಂಗಾಯಿತು?

ಹಸೀನಕ್ಕ ಸೆರಗು ಸರಿಮಾಡಿಕೊಂಡರು. ‘ಐದಾರು ವರ್ಷದ್ದ ಕೊಡ್ರಿ.’

ಇರ್ಫಾನ್ ಬೇಡ ಅಂತಾನೆ ಅಂದುಕೊಂಡೆ. ಅವನು ತಾಯಿಯನ್ನೇ ನೋಡುತ್ತಿದ್ದ. ಆಮೇಲೆ ನಕ್ಕ.

‘ಹೌದಮ್ಮಿ, ಅದ ಇರ್ಲಿ. ಜಲ್ದಿ ಜಲ್ದಿ ಬದ್ಲಿ ಮಾಡೂದು ಯಾರಿಗೆ ಬೇಕು?’

ಹಸೀನಕ್ಕನೂ ನಕ್ಕರು. ನಾನು ಮೌಸ್ ನೋಡುವ ನೆಪ ಮಾಡಿ ಅಂಗಡಿಯ ಮೂಲೆಗೆ ಹೋಗಿ ಕಣ್ಣೊರೆಸಿಕೊಂಡೆ. ಇಷ್ಟು ವಯಸ್ಸಾದರೂ ತಡೆಯಲಾಗಲಿಲ್ಲ.

ಅವತ್ತು ಆ ಕೌಂಟರಿನ ಮುಂದೆ ಯಾರು ಯಾರಿಗೆ ಧೈರ್ಯ ಹೇಳಿದರು, ನೀವಾದರೂ ಹೇಳ್ತೀರಾ?