ಶಟರ್ ಇಲ್ಲದ ಬ್ಯೂಟಿ ಪಾರ್ಲರ್

ಗೆಳತಿಯರೇ, ಇವತ್ತಿನಿಂದ ನಾನು ಸರ್ಕಾರದ ಲೆಕ್ಕದಲ್ಲೂ ಸ್ವಂತ ಉದ್ಯೋಗಸ್ಥೆ! ಅದಕ್ಕಾಗಿ ಹುಮನಾಬಾದಿನ ಆನ್‌ಲೈನ್ ಸೆಂಟರಿನಲ್ಲಿ ಸಣ್ಣ ಜಗಳವನ್ನೇ ಆಡಬೇಕಾಯಿತು.

ಮನೆಮನೆಗೆ ಹೋಗಿ ಐಬ್ರೋ, ಫೇಶಿಯಲ್, ಮದುಮಗಳ ಮೇಕಪ್ ಮಾಡುತ್ತೇನೆ, ನೋಂದಣಿ ಮಾಡಿಕೊಡಿ ಎಂದೆ. ಕಂಪ್ಯೂಟರ್ ಮುಂದೆ ಕೂತಿದ್ದವನು ಟೈಪ್ ಮಾಡುವುದನ್ನೇ ನಿಲ್ಲಿಸಿದ.

"ದುಕಾನ ಎಲ್ಲಿ ಅದ ಅಕ್ಕಾ?"

"ಹೊರಗ ನಿಂತದ ನೋಡ್ರಿ, ಸ್ಕೂಟಿ."

"ಬೋರ್ಡ್ ಇಲ್ದ, ಶಟರ್ ಇಲ್ದ ಧಂದಾ ಹ್ಯಾಂಗ ಆಗ್ತದರಿ? ಮೊದಲ ಒಂದು ದುಕಾನ ಹಿಡೀರಿ, ಆಮ್ಯಾಗ ಬರ್ರಿ."

ಮನೆಯ ವಿಳಾಸ ಹಾಕಿದರೆ ಸಾಕು ಎಂದರೂ ಕೇಳಲೊಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಪಿಂಚಣಿ ಕೆಲಸಕ್ಕೆ ಬಂದು ಪಕ್ಕದಲ್ಲೇ ಕೂತಿದ್ದ ಅಜ್ಜಿ ನಡುವೆ ಬಾಯಿ ಹಾಕಿದರು.

"ಯಾಕ ತಮ್ಮಾ, ಮದಿವಿ ಇದ್ರ ಬಳಿಗಾರ ಮನಿಗೇ ಬಂದು ಬಳಿ ತೊಡಸಂಗಿಲ್ಲೇನು? ಅಂವಾ ಶಟರ್ ಹೊತ್ಕೊಂಡು ಬರ್ತಾನೇನು?"

ಅಲ್ಲಿದ್ದವರೆಲ್ಲ ನಕ್ಕರು. ಆತನೂ ನಗುತ್ತಲೇ ನನ್ನ ಮನೆಯ ವಿಳಾಸ ಹಾಕಿದ. ಮೊಬೈಲಿಗೆ ಒಟಿಪಿ ಬಂತು, ಸ್ವಲ್ಪ ಹೊತ್ತಿಗೆ ಸರ್ಟಿಫಿಕೇಟೂ ಬಂತು. ಅಪ್ಪನ ಹೆಸರಲ್ಲ, ಗಂಡನ ಹೆಸರಲ್ಲ, ಮಾಲೀಕರ ಜಾಗದಲ್ಲಿ ನನ್ನದೇ ಹೆಸರು. ಮತ್ತೆ ಮತ್ತೆ ಓದಿಕೊಂಡೆ.

ಹೊರಡುವಾಗ ಆತ ದನಿ ತಗ್ಗಿಸಿ ಕೇಳಿದ: "ಅಕ್ಕಾ, ನಾಡದು ನಮ್ಮ ತಂಗೀಗಿ ನೋಡಾಕ ಗಂಡಿನ ಕಡಿಯವರು ಬರಾಕತ್ತಾರ. ಮೇಕಪ್ ಮಾಡಾಕ ಬಸವಕಲ್ಯಾಣಕ್ಕ, ನಮ್ಮ ಮನಿತನಕ ಬರ್ತೀರೇನ್ರಿ?"

"ಬಂದೇ ಬರ್ತೀನ್ರಿ," ಎಂದೆ. "ಮನಿ ಮುಂದ ಬೋರ್ಡ್ ಹಾಕೀರಿಲ್ಲೋ?"