ವಿಲಾಸಿನಿ ಚೇಚಿ ಬರೆದಿಟ್ಟ ಓರೆಗಳು

ತಿರುವನಂತಪುರದ ನಮ್ಮ ಆಸ್ಪತ್ರೆಯಲ್ಲಿ ಎಂಆರ್‌ಐ ಕೋಣೆ ಎಂದರೆ ಟೆಕ್ನಿಷಿಯನ್ ವಿಲಾಸಿನಿ ಚೇಚಿ, ನಮ್ಮೆಲ್ಲರಿಗೂ ಅಕ್ಕ. ಇಪ್ಪತ್ತೊಂದು ವರ್ಷ ಹಾಗೇ ನಡೆದಿತ್ತು. ಒಳಗೆ ಹೋಗುವವರ ತಾಳಿ, ಉಂಗುರ ಬಿಚ್ಚಿಸುತ್ತ, "ಹೆದರ್ಬೇಡ, ಯಂತ್ರದ ಸದ್ದನ್ನ ಉತ್ಸವದ ಚೆಂಡೆ ಅಂದ್ಕೊಂಡು ಕಣ್ಮುಚ್ಚಿ ಮಲಕ್ಕೊ" ಎನ್ನುತ್ತಿದ್ದಳು.

ಯಾರ ತಲೆಯೂ ದಿಂಬಿನ ಮೇಲೆ ನೆಟ್ಟಗೆ ಕೂರುವುದಿಲ್ಲ. ಒಬ್ಬರ ಗಲ್ಲ ಮೇಲೆ, ಒಬ್ಬರದು ಕೆಳಗೆ. ಚೇಚಿ ಪರದೆಯಲ್ಲಿ ಚಿತ್ರದ ಪದರಗಳನ್ನು ಆಯಾ ತಲೆಗೆ ತಕ್ಕಂತೆ ಓರೆ ಮಾಡುತ್ತಿದ್ದಳು. ಎಷ್ಟು ಡಿಗ್ರಿ ಎಂದು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಯಾರೂ ಕೇಳಿದ್ದಲ್ಲ, ಅವಳ ಕೈಯ ಅಭ್ಯಾಸ.

ಆಗ ಬಂದವನು ಡಾಕ್ಟರ್ ಅಜಯಘೋಷ್. ಪಾರ್ಶ್ವವಾಯು ಹೊಡೆದವರ ಮಿದುಳಿನಲ್ಲಿ ಯಾವ ನರದ ಎಳೆ ಉಳಿದಿದೆ ಎಂದು ಹುಡುಕುವ ಅಧ್ಯಯನ ಅವನದು. ಎಳೆಯ ಗುಂಟ ನೀರು ಸಲೀಸಾಗಿ ಸರಿಯುತ್ತದೆ, ಅಡ್ಡಕ್ಕೆ ಸರಿಯುವುದಿಲ್ಲ. ಒಂದೊಂದು ದಿಕ್ಕಿನಲ್ಲೂ ಅದನ್ನು ಅಳೆದರೆ ಎಳೆ ಎತ್ತ ಸಾಗಿದೆ ಎಂದು ತಿಳಿಯುತ್ತದೆ. ಯಂತ್ರದ ಜೊತೆ ಬಂದ ದಿಕ್ಕುಗಳು ಮೂವತ್ತು. ಅವನು ತನ್ನದೇ ಅರವತ್ತನಾಲ್ಕು ದಿಕ್ಕುಗಳ ಪಟ್ಟಿ ಬರೆದು ತಂದ, ಸಾಲಿಗೆ ಮೂರು ಅಂಕಿ.

ಚೇಚಿ ಪಟ್ಟಿಯ ಮೊದಲ ಸಾಲು ನೋಡಿದಳು. "ಸಾರ್, ನಾನು ಪದರ ಓರೆ ಮಾಡಿದ್ರೆ ನಿಮ್ಮ ದಿಕ್ಕುಗಳೂ ಜೊತೆಗೆ ಓರೆಯಾಗ್ಬೇಕಲ್ವಾ? ಇಲ್ಲಿ ಬರೆದಿರೋದು ನೋಡಿದ್ರೆ ಅವು ಯಂತ್ರಕ್ಕೇ ಅಂಟ್ಕೊಂಡು ನಿಲ್ತಾವೆ."

"ಚೇಚೀ, ಮೀನಿನ ಸಾರಿಗೆ ಹುಳಿಗೆ ಅಂತ ಎಷ್ಟು ಕುಡಂಪುಳಿ ಹಾಕ್ಬೇಕು ಅಂತ ನಾನು ನಿಮಗೆ ಹೇಳ್ತೀನಾ? ಗಣಿತ ನನಗೆ ಬಿಡಿ."

"ಹೇಳ್ಬೇಡಿ ಸಾರ್. ನಿಮ್ಮ ಮನೆ ಸಾರು ನಾನು ಉಂಡಿದೀನಿ."

ಎಲ್ಲರೂ ನಕ್ಕರು. ಪಟ್ಟಿ ಹಾಗೇ ಯಂತ್ರಕ್ಕೆ ಹೋಯಿತು.

ನಲವತ್ತು ಜನ ಬಂದು ಅಲುಗಾಡದೆ ಮಲಗಿ ಹೋದರು. ಹಗ್ಗ ಹೊಸೆಯುತ್ತಿದ್ದ ದಾಕ್ಷಾಯಣಿಯಮ್ಮನ ಬಲಗೈ ಬಿದ್ದುಹೋಗಿತ್ತು. "ಮೋಳೇ, ನನ್ನ ಕೈ ಬರತ್ತಾ ಅಂತ ಈ ಪೆಟ್ಟಿಗೆ ಹೇಳತ್ತಾ?" ಎಂದು ಚೇಚಿಯನ್ನು ಮಗಳೆಂದು ಕರೆದು ಕೇಳಿದಳು. "ಡಾಕ್ಟರ್ ಹೇಳ್ತಾರಮ್ಮಾ" ಎಂದಳು ಚೇಚಿ.

ಚಿತ್ರ ಜೋಡಿಸಿದಾಗ ಎಳೆಗಳೆಲ್ಲ ಸೊಟ್ಟ. ಕೆಲವು ತಲೆಬುರುಡೆಯ ಕಡೆಗೇ ಹೊರಟಿದ್ದವು. "ಟೆಕ್ನಿಷಿಯನ್ ಸುಮ್ಮನೆ ಓರೆ ಮಾಡಿದ್ದಾರೆ" ಎಂದು ಅಜಯಘೋಷ್ ವಿಭಾಗದ ಮುಖ್ಯಸ್ಥರಿಗೆ ಹೇಳಿದ. ಅವರು ಚೇಚಿಯನ್ನು ಒಂದು ಮಾತೂ ಕೇಳದೆ ಕೆಳಗಿನ ಎಕ್ಸ್‌ರೇ ಕೋಣೆಗೆ ಕಳಿಸಿದರು.

ಎಷ್ಟು ಓರೆ ಎಂದು ಗೊತ್ತಿದ್ದರೆ ಸರಿಪಡಿಸಬಹುದಿತ್ತು. ಆದರೆ ಚಿತ್ರಗಳಿಂದ ರೋಗಿಗಳ ಹೆಸರು ಅಳಿಸುವಾಗ ಆ ಅಂಕಿಯೂ ಅಳಿಸಿಹೋಗಿತ್ತು. ಯಂತ್ರದಲ್ಲೂ ಮೂಲ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ಅವನೇ ಕೆಳಗಿಳಿದು ಬಂದ.

"ಚೇಚೀ, ಆ ನೀಲಿ ಪುಸ್ತಕ ಇದೆಯಾ?"

"ಗಣಿತ ನಿಮ್ಮದಲ್ವಾ ಸಾರ್?"

ಅವನು ಕುರ್ಚಿ ಎಳೆದು ಅವಳೆದುರು ಕೂತ.

"ತಪ್ಪು ಪಟ್ಟೀದು, ಓರೇದಲ್ಲ ಅಂತ ಮುಖ್ಯಸ್ಥರಿಗೆ ಬರೆದುಕೊಡಿ. ನನ್ನ ಕೋಣೆ ನನಗೆ ಬರ್ಲಿ. ಆಮೇಲೆ ಪುಸ್ತಕ."

"ಸೋಮವಾರ ಬರೆದುಕೊಡ್ತೀನಿ, ಸತ್ಯವಾಗಿ. ಪುಸ್ತಕ ಇವತ್ತೇ ಬೇಕು. ಇಲ್ಲಾಂದ್ರೆ ಆ ನಲವತ್ತು ಜನ ಮಲಗೆದ್ದಿದ್ದೇ ದಂಡ."

ಅವನಿಗಾಗಿ ಅಲ್ಲ, ದಾಕ್ಷಾಯಣಿಯಮ್ಮನ ಕೈಗಾಗಿ ಚೇಚಿ ಪುಸ್ತಕ ಕೊಟ್ಟಳು.

ಎಷ್ಟೋ ಸೋಮವಾರಗಳು ಹೋದವು. ಲೇಖನ ಅಚ್ಚಾಗಿ ಬಂತು. ಕ್ಯಾಂಟೀನಿನಲ್ಲಿ ನಾನೇ ಚೇಚಿಗೆ ಓದಿ ಹೇಳಿದೆ: ತಂತ್ರಜ್ಞರ ಲೋಪದಿಂದ ಕೆಟ್ಟಿದ್ದ ಚಿತ್ರಗಳನ್ನು ನಾವು ಸರಿಪಡಿಸಿದೆವು.

"ನಾವು ಅಂದ್ರೆ?"

"ಏಳು ಹೆಸರಿದೆ ಚೇಚೀ. ನಿಮ್ಮದಿಲ್ಲ."

ಮೇಲಿನ ಕೋಣೆಯ ಗೋಡೆಗೆ ಈಗ ಚೀಟಿ ಅಂಟಿಸಿದ್ದಾರೆ, ಪದರ ಓರೆ ಮಾಡಬಾರದು ಎಂದು. ಚೇಚಿ ತಿನ್ನುತ್ತಿದ್ದ ಪುಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದಳು, "ಪುಸ್ತಕ ಯಾವಾಗ ವಾಪಸ್ ಕೊಡ್ತಾನಂತೆ, ಅದೇನಾದ್ರೂ ಬರೆದಿದಾನಾ ನೋಡು."